ಅಣ್ಣನಿಗಿಲ್ಲದ ಸಕ್ಕರೆ ಕಾಯಿಲೆ ತಮ್ಮನಿಗೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು. ಊರಿನಲ್ಲೇ ಉಳಿದು ಜಮೀನು ನೋಡಿಕೊಳ್ಳುತ್ತಿರುವ ಅಣ್ಣನಿಗೆ ಅದು ಬಂದಿಲ್ಲ; ಬೆಂಗಳೂರಿಗೆ ಬಂದು ನೆಲೆಸಿದ ನನಗೆ ನಲವತ್ತು ತುಂಬುವ ಮೊದಲೇ ಬಂದಿದೆ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಈ ವ್ಯತ್ಯಾಸ ಏಕೆ? ನಾವಿರುವ ಜಾಗದಿಂದಲೂ ಮಧುಮೇಹ ಬರುತ್ತದೆಯೇ?

ಉತ್ತರ: ಊರು, ಸಂಬಂಧ, ವಯಸ್ಸುಗಳನ್ನು ಬದಲಿಸಿಕೊಂಡು ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಇದರೊಳಗೆ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನನಗೇ ಏಕೆ ಬಂತು ಎಂಬುದು ಒಂದು. ನಾನಿರುವ ಕಡೆ ಇಷ್ಟೊಂದು ಜನರಿಗೆ ಏಕೆ ಬಂದಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಾವ ವೈದ್ಯರೂ ಖಚಿತವಾದ ಉತ್ತರ ಕೊಡಲಾರರು, ಏಕೆಂದರೆ ಒಬ್ಬ ವ್ಯಕ್ತಿಯ ಮಟ್ಟಿಗೆ ವಂಶ, ವಯಸ್ಸು, ತೂಕ, ನಿದ್ದೆ, ತಾಯಿಯ ಗರ್ಭದಲ್ಲಿ ಕಳೆದ ದಿನಗಳು, ಬರಿಯ ಆಕಸ್ಮಿಕ ಎಲ್ಲವೂ ಬೆರೆತಿರುತ್ತವೆ. ಎರಡನೆಯದಕ್ಕೆ ಮಾತ್ರ ಕಳೆದ ಐದಾರು ದಶಕಗಳ ಸಂಶೋಧನೆ ಸಾಕಷ್ಟು ಗಟ್ಟಿಯಾದ ಉತ್ತರವನ್ನೇ ಕೊಟ್ಟಿದೆ. ವಂಶದಿಂದ ಬರುವುದು ಕಾಯಿಲೆಯಲ್ಲ, ಕಾಯಿಲೆಗೆ ಒಳಗಾಗುವ ಸಾಧ್ಯತೆ. ಆ ಸಾಧ್ಯತೆ ಎಷ್ಟು ಜನರಲ್ಲಿ, ಯಾವ ವಯಸ್ಸಿಗೆ ಕಾಯಿಲೆಯಾಗಿ ಹೊರಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅವರ ಸುತ್ತಲಿನ ಪರಿಸರ. ಇಲ್ಲಿ ಹೇಳುತ್ತಿರುವುದೆಲ್ಲ ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಮಧುಮೇಹದ ಬಗ್ಗೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಬೇರೆಯೇ ಕಾಯಿಲೆ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ.

ಮೊದಲು ನಮ್ಮ ದೇಶದ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ 2008ರಿಂದ 2020ರವರೆಗೆ ಹಂತ ಹಂತವಾಗಿ ನಡೆದ ಇಂಡಿಯಾಬ್ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ನಗರಗಳಲ್ಲಿ ಈ ಪ್ರಮಾಣ ಶೇ 16.4, ಹಳ್ಳಿಗಳಲ್ಲಿ ಶೇ 8.9. ರಾಜ್ಯಗಳ ನಡುವಿನ ಅಂತರವಂತೂ ಬೆರಗು ಹುಟ್ಟಿಸುವಷ್ಟಿದೆ: ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8. ಈ ಅಂಕಿಗಳನ್ನು ಓದುವಾಗ ಸ್ವಲ್ಪ ಎಚ್ಚರವಿರಬೇಕು. ಕೇರಳದಂಥ ರಾಜ್ಯದಲ್ಲಿ ವಯಸ್ಸಾದವರ ಪಾಲು ಹೆಚ್ಚು, ಕಾಯಿಲೆ ಬಂದವರೂ ಚಿಕಿತ್ಸೆ ಪಡೆದು ಹೆಚ್ಚು ಕಾಲ ಬದುಕುತ್ತಾರೆ. ಆದ್ದರಿಂದ ಅಲ್ಲಿನ ಸಂಖ್ಯೆ ಏರುವುದಕ್ಕೆ ಒಳ್ಳೆಯ ಕಾರಣವೂ ಉಂಟು. ಆದರೆ ಐದು ಪಟ್ಟಿಗೂ ಮೀರಿದ ಅಂತರವನ್ನು ವಯಸ್ಸೊಂದರಿಂದ ವಿವರಿಸಲು ಆಗುವುದಿಲ್ಲ, ಜೀನ್‌ಗಳಿಂದ ವಿವರಿಸುವುದು ಇನ್ನೂ ಕಷ್ಟ.

ವಂಶವನ್ನೂ ಪರಿಸರವನ್ನೂ ಬೇರ್ಪಡಿಸಿ ನೋಡಬೇಕಾದರೆ ಒಂದೇ ಮೂಲದ ಜನ ಎರಡು ಬೇರೆ ಪರಿಸರಗಳಲ್ಲಿ ಬದುಕುತ್ತಿರುವ ಕಡೆಗೆ ಹೋಗಬೇಕು. ಅಂಥ ಉದಾಹರಣೆಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದವರು ಅಮೆರಿಕದ ಅರಿಜೋನಾ ರಾಜ್ಯದ ಪೀಮಾ ಜನ. ತಮ್ಮನ್ನು ಅವರು ಅಕಿಮೆಲ್ ಓಧಮ್, ಅಂದರೆ ನದಿಯ ಜನ ಎಂದು ಕರೆದುಕೊಳ್ಳುತ್ತಾರೆ. ಮರುಭೂಮಿಯ ನಡುವೆ ಹರಿಯುವ ಗೀಲಾ ನದಿಯಿಂದ ಕಾಲುವೆ ತೆಗೆದು ಶತಮಾನಗಳ ಕಾಲ ಮೆಕ್ಕೆಜೋಳ, ಹುರುಳಿಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದ ಕೃಷಿಕರು ಅವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪಶ್ಚಿಮಕ್ಕೆ ವಲಸೆ ಹೊರಟ ಬಿಳಿಯರಿಗೆ ಧಾನ್ಯ ಮಾರುವಷ್ಟು ಬೆಳೆ ಅವರ ಬಳಿ ಮಿಗುತ್ತಿತ್ತು. ಆ ಶತಮಾನದ ಕೊನೆಯ ದಶಕಗಳಲ್ಲಿ ನದಿಯ ಮೇಲ್ಭಾಗದಲ್ಲಿ ನೆಲೆಸಿದ ಹೊಸಬರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು, ಕೆಳಗಿನ ಪೀಮಾ ಹೊಲಗಳು ಒಣಗಿದವು, ಕ್ಷಾಮ ಬಂತು. ಕೃಷಿಯೊಂದಿಗೆ ದಿನವಿಡೀ ಮೈ ಬಗ್ಗಿಸುವ ಕೆಲಸವೂ ಹೋಯಿತು, ಸ್ವಂತ ಆಹಾರವೂ ಹೋಯಿತು. ಆ ಜಾಗವನ್ನು ಸರ್ಕಾರ ಹಂಚಿದ ಮೈದಾ, ಸಕ್ಕರೆ, ಹಂದಿಯ ಕೊಬ್ಬು ತುಂಬಿದವು.

1930ರ ದಶಕದ ಕೊನೆಯಲ್ಲಿ ಮಧುಮೇಹದ ಹೆಸರಾಂತ ವೈದ್ಯ ಎಲಿಯಟ್ ಜೋಸ್ಲಿನ್ ಅರಿಜೋನಾದಲ್ಲಿ ಲೆಕ್ಕ ತೆಗೆದಾಗ ಅಲ್ಲಿನ ಮೂಲನಿವಾಸಿಗಳಲ್ಲಿ ಈ ಕಾಯಿಲೆ ದೇಶದ ಉಳಿದವರಿಗಿಂತ ಹೆಚ್ಚೇನೂ ಇರಲಿಲ್ಲ. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಅದೇ ಜನರ ದೀರ್ಘಕಾಲದ ಅಧ್ಯಯನ ಕೈಗೊಂಡಾಗ ಕಂಡದ್ದು ಜಗತ್ತಿನಲ್ಲೇ ಅತಿ ಹೆಚ್ಚಿನ ಮಧುಮೇಹ ಪ್ರಮಾಣಗಳಲ್ಲೊಂದು. ಒಂದು ತಲೆಮಾರಿನ ಅವಧಿಯಲ್ಲಿ ಒಂದು ಜನಾಂಗದ ಜೀನ್‌ಗಳು ಬದಲಾಗುವುದಿಲ್ಲ. ಆದರೂ ಹಲವು ವರ್ಷಗಳ ಕಾಲ ಚರ್ಚೆಯೆಲ್ಲ ಜೀನ್ ಸುತ್ತಲೇ ನಡೆಯಿತು. ಬರಗಾಲದಲ್ಲಿ ಕೊಬ್ಬನ್ನು ಕೂಡಿಟ್ಟು ಉಳಿಸುವ ಜೀನ್ ಸಮೃದ್ಧಿಯ ಕಾಲದಲ್ಲಿ ಮುಳುವಾಗುತ್ತದೆ ಎಂದು ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಮುಂದಿಟ್ಟ ಊಹೆ ಪೀಮಾ ಜನರಿಗೆ ಅಂಟಿಕೊಂಡಿತು. ಅಂಥ ಒಂದು ಜೀನ್ ಇಂದಿಗೂ ಸಿಕ್ಕಿಲ್ಲ. ನದಿಯನ್ನು ತಿರುಗಿಸಿದ ಸಂಗತಿ ಮಾತ್ರ ದಾಖಲೆಗಳಲ್ಲಿ ಮೊದಲಿನಿಂದಲೂ ಇತ್ತು.

ಗಡಿಯ ಆಚೆ, ಮೆಕ್ಸಿಕೋದ ಸೊನೋರಾ ರಾಜ್ಯದ ಬೆಟ್ಟಗಳ ನಡುವಿನ ಮಾಯ್ಕೋಬಾ ಎಂಬ ಹಳ್ಳಿಯಲ್ಲಿ ಇವರ ಬಂಧುಗಳಾದ ಇನ್ನೊಂದು ಪೀಮಾ ಗುಂಪು ವಾಸಿಸುತ್ತದೆ. ಅಲ್ಲಿನವರು ಮೆಕ್ಕೆಜೋಳ, ಕಾಳು, ಆಲೂಗಡ್ಡೆ ಬೆಳೆದು ತಿನ್ನುವವರು, ಹೆಚ್ಚಿನ ಕೆಲಸವನ್ನು ಕೈಯಿಂದಲೇ ಮಾಡುವವರು. ಎರಡೂ ಕಡೆಯ ಹೋಲಿಕೆ 2006ರಲ್ಲಿ ಪ್ರಕಟವಾಯಿತು: ಅರಿಜೋನಾದ ಪೀಮಾ ವಯಸ್ಕರಲ್ಲಿ ಮಧುಮೇಹ ಶೇ 38, ಮಾಯ್ಕೋಬಾದ ಪೀಮಾ ವಯಸ್ಕರಲ್ಲಿ ಶೇ 6.9. ಅದೇ ಹಳ್ಳಿಯ, ಪೀಮಾ ಅಲ್ಲದ ನೆರೆಹೊರೆಯವರಲ್ಲಿ ಅದು ಶೇ 2.6 ಇತ್ತು. ಹಳ್ಳಿ ಚಿಕ್ಕದು, ಪರೀಕ್ಷೆಗೆ ಒಳಗಾದವರೂ ಕೆಲವೇ ನೂರು ಮಂದಿ, ಆದ್ದರಿಂದ ಕೊನೆಯ ಅಂಕಿಗೆ ಅತಿಯಾದ ಭಾರ ಹೊರಿಸಬಾರದು. ಆದರೂ ವಂಶದ ಪಾತ್ರ ಇಲ್ಲವೇ ಇಲ್ಲ ಎಂದು ಹೇಳಹೊರಡುವವರನ್ನು ಅದು ತಡೆಯುತ್ತದೆ. ಶೇ 2.6ರಿಂದ ಶೇ 6.9ಕ್ಕೆ ಇರುವ ಅಂತರ ವಂಶದ್ದಾಗಿರಬಹುದು. ಶೇ 6.9ರಿಂದ ಶೇ 38ಕ್ಕೆ ಇರುವ ಅಂತರವನ್ನು ವಂಶದ ತಲೆಗೆ ಕಟ್ಟಲು ಬರುವುದಿಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಯಾರು ಎಲ್ಲಿ ವಾಸಿಸುತ್ತಾರೆ ಎಂಬುದು ತಾನಾಗಿ ಆಗುವ ಹಂಚಿಕೆಯಲ್ಲ. ಹಣ, ಓದು, ಆರೋಗ್ಯ ಚೆನ್ನಾಗಿದ್ದವರು ಒಳ್ಳೆಯ ಬಡಾವಣೆ ಆರಿಸಿಕೊಳ್ಳುತ್ತಾರೆ, ಇಲ್ಲದವರು ಉಳಿದ ಕಡೆ ಸೇರುತ್ತಾರೆ, ಹಾಗಿರುವಾಗ ತಪ್ಪು ಬಡಾವಣೆಯದ್ದೋ ಅಲ್ಲಿಗೆ ಬಂದವರ ಹಿನ್ನೆಲೆಯದ್ದೋ ಎಂದು ಹೇಳುವುದು ಹೇಗೆ? ಈ ಗಂಟನ್ನು ಬಿಡಿಸಲು ಜನರೇ ಜಾಗ ಆರಿಸಿಕೊಳ್ಳದ ಸಂದರ್ಭಗಳನ್ನು ಹುಡುಕಬೇಕು, ಅಂಥವು ಎರಡು ಸಿಕ್ಕಿವೆ. 1987ರಿಂದ 1991ರವರೆಗೆ ಸ್ವೀಡನ್‌ಗೆ ಬಂದ ನಿರಾಶ್ರಿತರನ್ನು ಅಲ್ಲಿನ ಸರ್ಕಾರ ಮನೆ ಖಾಲಿ ಇದ್ದ ಕಡೆಗಳಿಗೆಲ್ಲ ಹಂಚಿ ಕಳುಹಿಸಿತ್ತು. ಆ ಪೈಕಿ 61 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ಹತ್ತು, ಇಪ್ಪತ್ತು ವರ್ಷಗಳ ಬಳಿಕ ನೋಡಿದಾಗ, ಅನುಕೂಲವಿದ್ದ ಪ್ರದೇಶಗಳಿಗೆ ಹೋದವರಲ್ಲಿ ಶೇ 5.8ರಷ್ಟು, ತೀರಾ ಹಿಂದುಳಿದ ಪ್ರದೇಶಗಳಿಗೆ ಹೋದವರಲ್ಲಿ ಶೇ 7.9ರಷ್ಟು ಜನರಿಗೆ ಮಧುಮೇಹ ಬಂದಿತ್ತು. ಇನ್ನೊಂದು, 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ ನಡೆದ ಪ್ರಯೋಗ. ಬಡತನ ದಟ್ಟವಾಗಿದ್ದ ಸರ್ಕಾರಿ ವಸತಿಗಳಲ್ಲಿ ಮಕ್ಕಳೊಂದಿಗೆ ವಾಸಿಸುತ್ತಿದ್ದ 4,498 ಮಹಿಳೆಯರಲ್ಲಿ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಗಳಲ್ಲಿ ಬಾಡಿಗೆಗೆ ಹೋಗಲು ನೆರವು ಕೊಡಲಾಯಿತು. ಹತ್ತರಿಂದ ಹದಿನೈದು ವರ್ಷಗಳ ಮೇಲೆ ರಕ್ತ ಪರೀಕ್ಷಿಸಿದಾಗ, ಏನೂ ನೆರವು ಸಿಗದ ಗುಂಪಿಗೆ ಹೋಲಿಸಿದರೆ ಈ ಗುಂಪಿನಲ್ಲಿ ಮಧುಮೇಹದ ಮಟ್ಟದ ಸಕ್ಕರೆ ಇದ್ದವರ ಪ್ರಮಾಣ ನಾಲ್ಕು ಶೇಕಡಾ ಅಂಶಗಳಿಗೂ ಮಿಕ್ಕಿ ಇಳಿದಿತ್ತು. ಯಾರಿಗೂ ಪಥ್ಯ ಹೇಳಿರಲಿಲ್ಲ, ವ್ಯಾಯಾಮ ಕಲಿಸಿರಲಿಲ್ಲ. ಬದಲಾದದ್ದು ವಿಳಾಸ ಮಾತ್ರ. ಈ ವಿಷಯದಲ್ಲಿ ನನಗೆ ಅತ್ಯಂತ ಮನದಟ್ಟಾಗುವ ಸಾಕ್ಷ್ಯ ಇದೇ.

ಹಾಗಾದರೆ ಜಾಗದಲ್ಲಿ ಇರುವುದೇನು? ನಡೆಯಲು ಆಗುತ್ತದೆಯೇ ಎಂಬುದು ಒಂದು. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ ನೆರವು ಹೆಚ್ಚಿಲ್ಲದೆಯೂ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಉದ್ಯಾನದಲ್ಲಿ ಸುತ್ತು ಹಾಕುವುದಕ್ಕಿಂತ ದಿನವಿಡೀ ಅಂಗಡಿಗೆ, ಬಸ್ಸಿಗೆ, ಶಾಲೆಗೆ ಅನಾಯಾಸವಾಗಿ ನಡೆದದ್ದು ಒಟ್ಟಿನಲ್ಲಿ ಹೆಚ್ಚಾಗಿರುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತದ ನಗರಗಳಲ್ಲಿ 2001ರಿಂದ 2012ರವರೆಗಿನ ದಾಖಲೆಗಳನ್ನು ಅಭ್ಯಸಿಸಿದಾಗ, ನಡೆದಾಡಲು ಅನುಕೂಲವಿರುವ ಬಡಾವಣೆಗಳಲ್ಲಿ ಹೊಸದಾಗಿ ಮಧುಮೇಹ ಬರುವವರ ಪ್ರಮಾಣ ಉಳಿದ ಬಡಾವಣೆಗಳಿಗಿಂತ ಕಡಿಮೆ ಎಂದು ಕಂಡುಬಂತು. ಬೆಂಗಳೂರಿನ ಫುಟ್‌ಪಾತ್‌ಗಳ ಸ್ಥಿತಿ ಗೊತ್ತಿರುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರು ದಿನಕ್ಕೆ ಮುಕ್ಕಾಲು ಗಂಟೆ ನಡೆಯಿರಿ ಎಂದು ಬರೆದುಕೊಟ್ಟ ಚೀಟಿಯನ್ನು ಹಿಡಿದು ಹೊರಬಿದ್ದ ಅರವತ್ತು ದಾಟಿದ ಹೆಂಗಸು ನಡೆಯಬೇಕಾದ್ದು ಎಲ್ಲಿ ಎಂಬುದು ವೈದ್ಯಕೀಯದ ಹೊರಗಿನ ಪ್ರಶ್ನೆಯಾಗಿ ಉಳಿದುಬಿಟ್ಟಿದೆ.

ಗಾಳಿಯ ಪಾತ್ರ ಹೆಚ್ಚಿನವರಿಗೆ ಹೊಸ ಸಂಗತಿ. ವಾಹನಗಳ ಹೊಗೆ, ಕಟ್ಟಡದ ಧೂಳು, ಕಸ ಸುಡುವ ಬೆಂಕಿಯಿಂದ ಹೊರಡುವ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ದೇಹದಲ್ಲೆಲ್ಲ ಸಣ್ಣ ಮಟ್ಟದ ಉರಿಯೂತವನ್ನು ಹುಟ್ಟುಹಾಕುತ್ತವೆ; ಅಂಥ ಉರಿಯೂತ ಇನ್ಸುಲಿನ್‌ಗೆ ಕೋಶಗಳು ಓಗೊಡುವುದನ್ನು ಕುಂದಿಸುತ್ತದೆ. ದೆಹಲಿ ಮತ್ತು ಚೆನ್ನೈಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು 2010ರಿಂದ ಕೆಲವು ವರ್ಷ ಅನುಸರಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಾಳಿಯ ವಾರ್ಷಿಕ ಸರಾಸರಿ ಪಿಎಂ 2.5 ಪ್ರತಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದ ಕಡೆ ಮಧುಮೇಹದ ಅಪಾಯ ಶೇ 22ರಷ್ಟು ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ನಮ್ಮ ದೇಶದ ಅಧಿಕೃತ ಮಿತಿ 40. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಒಬ್ಬೊಬ್ಬರ ಕಾಯಿಲೆಗೂ ಹೊಗೆಯೇ ಕಾರಣ ಎಂದು ಸಾಬೀತುಪಡಿಸುವುದಿಲ್ಲ. ಆದರೆ ಆಹಾರದ ಶಿಸ್ತಿನಂತೆ ಗಾಳಿಯ ಶಿಸ್ತು ಒಬ್ಬರ ಕೈಯಲ್ಲಿಲ್ಲ ಎಂಬ ಕಾರಣಕ್ಕೇ ಇದನ್ನು ಮರೆಯಬಾರದು.

ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ದೇಶವನ್ನು ಒಟ್ಟಾಗಿ ನೋಡಿದರೆ ಅದರಲ್ಲಿ ಇನ್ನೂ ಸತ್ಯಾಂಶವಿದೆ, ಆದರೆ ಅದು ಕರಗುತ್ತಿದೆ. ಇಂಡಿಯಾಬ್ ಸಮೀಕ್ಷೆಯ 15 ರಾಜ್ಯಗಳ ವರದಿ 2017ರಲ್ಲಿ ಬಂದಾಗ, ಹೆಚ್ಚು ಸಿರಿವಂತವಾದ ಕಡೆಗಳ ನಗರಗಳಲ್ಲಿ ಲೆಕ್ಕ ತಲೆಕೆಳಗಾಗಿತ್ತು: ಚಂಡೀಗಢದಲ್ಲಿ ಕೆಳಸ್ತರದವರಲ್ಲಿ ಮಧುಮೇಹ ಶೇ 26.9, ಮೇಲುಸ್ತರದವರಲ್ಲಿ ಶೇ 12.9, ತಮಿಳುನಾಡಿನ ನಗರಗಳಲ್ಲೂ ಕೆಳಸ್ತರದವರಲ್ಲೇ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ. ನಗರದ ಬಡವರ ದುಡಿಮೆ ಈಗ ಕಲ್ಲು ಹೊರುವುದಷ್ಟೇ ಅಲ್ಲ. ಕಾವಲುಗಾರ ಕುರ್ಚಿಯಲ್ಲಿ ರಾತ್ರಿ ಕಳೆಯುತ್ತಾನೆ, ಆಟೊ ಚಾಲಕ ಹನ್ನೆರಡು ಗಂಟೆ ಕೂತೇ ಇರುತ್ತಾನೆ, ಗಾರ್ಮೆಂಟ್ಸ್ ಕೆಲಸದವಳು ಹೊಲಿಗೆ ಯಂತ್ರದ ಮುಂದಿನಿಂದ ಏಳುವಂತಿಲ್ಲ. ಕೈಯಲ್ಲಿರುವ ಹಣಕ್ಕೆ ಹೊಟ್ಟೆ ತುಂಬಿಸುವುದು ಅನ್ನ, ಸಕ್ಕರೆ ಹಾಕಿದ ಚಹಾ, ಬೇಕರಿಯ ಬನ್, ಕರಿದ ತಿಂಡಿ. ಬೇಳೆ, ಮೊಟ್ಟೆ, ತರಕಾರಿ, ಹಣ್ಣು ದುಬಾರಿ. ಅನುಕೂಲಸ್ಥರು ಪರಿಸರದ ಹೊಡೆತವನ್ನು ಹಣ ಕೊಟ್ಟು ಒಂದಿಷ್ಟು ತಪ್ಪಿಸಿಕೊಳ್ಳಬಲ್ಲರು. ಬಾಯಿಕಟ್ಟುವುದಿಲ್ಲ ಎಂದು ರೋಗಿಯನ್ನು ಗದರುವ ನಮ್ಮ ರೂಢಿ ಈ ವ್ಯತ್ಯಾಸವನ್ನು ಗಮನಿಸುವುದೇ ಇಲ್ಲ.

ಪರಿಸರ ಎಂದಾಗ ಹುಟ್ಟುವುದಕ್ಕೂ ಮೊದಲಿನದನ್ನು ಸೇರಿಸಿಕೊಳ್ಳಬೇಕು, ಈ ವಿಷಯದಲ್ಲಿ ಕರ್ನಾಟಕಕ್ಕೆ ನೇರವಾದ ಪಾಲಿದೆ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಎಲ್ಲವನ್ನೂ ಬರೆದಿಟ್ಟ ಹಳೆಯ ದಾಖಲೆಗಳಿದ್ದವು. ಆ ದಾಖಲೆಗಳಲ್ಲಿದ್ದವರನ್ನು 1990ರ ದಶಕದಲ್ಲಿ ಹುಡುಕಿ, 1934ರಿಂದ 1954ರ ನಡುವೆ ಹುಟ್ಟಿದ 506 ಮಂದಿಯ ಸಕ್ಕರೆ ಪರೀಕ್ಷಿಸಿದರು. ಬ್ರಿಟನ್ನಿನ ಅಧ್ಯಯನಗಳ ಪ್ರಕಾರ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಮಧುಮೇಹ ಹೆಚ್ಚಬೇಕಿತ್ತು. ಮೈಸೂರಿನಲ್ಲಿ ಕಂಡದ್ದು ಬೇರೆ: ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕವಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಚಿಕ್ಕಂದಿನಲ್ಲಿ ಸಾಲದ ಪೋಷಣೆಯಲ್ಲಿ ಬೆಳೆದು ಮುಂದೆ ಮೈತುಂಬಿಕೊಂಡ ತಾಯಂದಿರ ರಕ್ತದಲ್ಲಿ ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದಿರಬಹುದು, ಅದು ಮಗುವಿನ ದೇಹವನ್ನು ರೂಪಿಸಿರಬಹುದು ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿದ್ದದ್ದು ಕಂಡುಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ: ಸರಾಸರಿ 2.7 ಕಿಲೋ ತೂಗುವ ಅಲ್ಲಿನ ಹಳ್ಳಿಯ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೀರಾ ಹಗುರ, ಆದರೆ ಅವುಗಳಲ್ಲಿ ಕೊರತೆಯಾದದ್ದು ಸ್ನಾಯು. ಕೊಬ್ಬು ಬಹುಪಾಲು ಉಳಿದುಕೊಂಡಿತ್ತು. ತೆಳ್ಳಗೆ ಕಾಣುವ ಭಾರತೀಯರಿಗೂ ಮಧುಮೇಹ ಬರುವುದೇಕೆ ಎಂಬುದರ ಒಂದು ಎಳೆ ಇಲ್ಲಿದೆ.

ಇದೇ ಮಾತಿಗೆ 2024ರಲ್ಲಿ ಇನ್ನೊಂದು ಕಡೆಯಿಂದ ಬೆಂಬಲ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಂದ ಸಕ್ಕರೆಯ ಪಡಿತರ ಪದ್ಧತಿ 1953ರ ಸೆಪ್ಟೆಂಬರ್‌ನಲ್ಲಿ ಮುಗಿದು, ಜನ ತಿನ್ನುವ ಸಕ್ಕರೆ ಸ್ವಲ್ಪ ಸಮಯದಲ್ಲೇ ಹೆಚ್ಚುಕಡಿಮೆ ಎರಡರಷ್ಟಾಯಿತು. ಅದಕ್ಕೆ ಸ್ವಲ್ಪ ಮೊದಲು ಮತ್ತು ಸ್ವಲ್ಪ ನಂತರ ಗರ್ಭದಲ್ಲಿದ್ದವರನ್ನು ಹೋಲಿಸಿದಾಗ, ಗರ್ಭದಲ್ಲೂ ಮೊದಲ ಎರಡು ವರ್ಷಗಳಲ್ಲೂ ಪಡಿತರದ ಕಾಲವನ್ನು ಕಂಡವರಲ್ಲಿ ಮಧುಮೇಹದ ಅಪಾಯ ಸುಮಾರು ಶೇ 35ರಷ್ಟು ಕಡಿಮೆಯಿತ್ತು. ಅಂಗಡಿಯಲ್ಲಿ ಸಕ್ಕರೆ ಎಷ್ಟು ಸಿಗುತ್ತಿತ್ತು ಎಂಬುದರ ಪರಿಣಾಮ ಅರ್ಧ ಶತಮಾನದ ಮೇಲೆ ಆಸ್ಪತ್ರೆಯ ದಾಖಲೆಯಲ್ಲಿ ಕಾಣಿಸಿತು.

ಆಹಾರದ ಮಾತು ಬಂದೊಡನೆ ನಮ್ಮಲ್ಲಿ ಅನ್ನ ಬಿಟ್ಟು ರಾಗಿಗೆ ಮರಳಬೇಕು ಎಂಬ ಸಲಹೆ ಕೇಳಿಬರುತ್ತದೆ. ರಾಗಿ, ಜೋಳಗಳ ಬಗ್ಗೆ ನನಗೆ ಗೌರವವಿದೆ, ಆದರೆ ಈ ಸಲಹೆ ಅರ್ಧ ಮಾತ್ರ ಸರಿ. ಇಂಡಿಯಾಬ್ ತಂಡದ 2025ರ ಆಹಾರ ವರದಿಯ ಪ್ರಕಾರ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಒಟ್ಟು ಪಿಷ್ಟವನ್ನು ಕಡಿಮೆ ಮಾಡದೆ ಅಕ್ಕಿಯ ಜಾಗದಲ್ಲಿ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ಇಟ್ಟ ಮಾತ್ರಕ್ಕೆ ಅಪಾಯ ಇಳಿಯಲಿಲ್ಲ, ಅದರ ಒಂದು ಪಾಲನ್ನು ಬೇಳೆಕಾಳು, ಹಾಲಿನಂಥವುಗಳ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ಇಳಿಯಿತು. ನಮ್ಮ ಹಿರಿಯರು ಮುದ್ದೆ ಉಂಡು ಆರೋಗ್ಯವಾಗಿದ್ದರು ಎನ್ನುವಾಗ, ಉಂಡ ಮೇಲೆ ಅವರು ಎಲ್ಲಿಗೆ ಹೋಗುತ್ತಿದ್ದರು, ಸಂಜೆಯವರೆಗೆ ಏನು ಮಾಡುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ನಿಮ್ಮ ಅಣ್ಣನವರ ವಿಷಯ. ಅವರಿಗೆ ಕಾಯಿಲೆ ಇಲ್ಲ ಎನ್ನುತ್ತೀರಿ. ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಮೊದಲು ಕೇಳಿ. ತಂದೆಗೆ ಮಧುಮೇಹವಿದ್ದಲ್ಲಿ ಹಳ್ಳಿಯ ವಾಸವೊಂದೇ ಯಾರನ್ನೂ ಕಾಯುವುದಿಲ್ಲ. ಅದೂ ಅಲ್ಲದೆ, ಮಧುಮೇಹದ ಹಿಂದಿನ ಹಂತ ದೇಶದ ವಯಸ್ಕರಲ್ಲಿ ಶೇ 15.3ರಷ್ಟಿದೆ, ಅದರಲ್ಲಿ ನಗರಕ್ಕೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು, ಅಂಗಡಿಯಲ್ಲಿ ಪೊಟ್ಟಣದ ಕುರುಕಲು ಹಳ್ಳಿಗೂ ಬಂದಾಗಿದೆ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಶೇ 6.5 ಮುಟ್ಟಿದ್ದರೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಂಡು ಮಧುಮೇಹ ಎನ್ನುತ್ತಾರೆ.

ಒಬ್ಬೊಬ್ಬರ ಪ್ರಯತ್ನಕ್ಕೆ ಫಲವಿಲ್ಲವೆಂದು ಇದರ ಅರ್ಥವಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಯಿಲೆಯ ಅಂಚಿನಲ್ಲಿದ್ದವರು ಊಟ, ನಡಿಗೆಗಳನ್ನು ತಿದ್ದಿಕೊಂಡದ್ದರಿಂದ ಮೂರು ವರ್ಷಗಳಲ್ಲಿ ಅಪಾಯ ಶೇ 28.5ರಷ್ಟು ಇಳಿಯಿತು. ಆದರೆ ಅದಕ್ಕೆ ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತು ಸಲಹೆ ಕೊಡುವ ತಂಡ ಬೇಕಾಯಿತು. ಕೋಟಿಗಟ್ಟಲೆ ಜನರಿಗೆ ಹಾಗೆ ಮಾಡುವುದು ಆಗದ ಮಾತು, ಆದ್ದರಿಂದಲೇ ಬೆಲೆ, ರಸ್ತೆ, ಗಾಳಿಗಳ ಕಡೆ ನೋಡಬೇಕಾಗುತ್ತದೆ. ಮೆಕ್ಸಿಕೋ 2014ರಲ್ಲಿ ಸಕ್ಕರೆ ಹಾಕಿದ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿದ ಮೊದಲ ವರ್ಷದಲ್ಲಿ ಅವುಗಳ ಖರೀದಿ ಸರಾಸರಿ ಶೇ 6ರಷ್ಟು ತಗ್ಗಿತು. ಬ್ರಿಟನ್ 2018ರಲ್ಲಿ ಇನ್ನೂ ಜಾಣತನದ ದಾರಿ ಹಿಡಿಯಿತು: 100 ಮಿಲಿಲೀಟರ್‌ಗೆ 5 ಗ್ರಾಂ, 8 ಗ್ರಾಂ ಎಂದು ಎರಡು ಮೆಟ್ಟಿಲು ಮಾಡಿ ಸಕ್ಕರೆ ಹೆಚ್ಚಿದಂತೆ ತೆರಿಗೆ ಹೆಚ್ಚಿಸಿದ್ದರಿಂದ, ತಯಾರಕರೇ ಪಾನೀಯದೊಳಗಿನ ಸಕ್ಕರೆಯನ್ನು ಇಳಿಸಿದರು. ಭಾರತದಲ್ಲಿ 2025ರ ಸೆಪ್ಟೆಂಬರ್‌ನಿಂದ ತಂಪುಪಾನೀಯಗಳ ಮೇಲಿನ ಜಿಎಸ್‌ಟಿ ಶೇ 40. ದರ ಬ್ರಿಟನ್ನಿನದಕ್ಕಿಂತ ಬಿಗಿಯಾಗಿ ಕಂಡರೂ, ಬಾಟಲಿಯಲ್ಲಿ ಸಕ್ಕರೆ ತುಂಬಿದ್ದರೂ ಅರ್ಧಕ್ಕೆ ಇಳಿಸಿದ್ದರೂ ಕಟ್ಟಬೇಕಾದ ತೆರಿಗೆ ಒಂದೇ ಆಗಿರುವುದರಿಂದ, ಸಕ್ಕರೆ ಕಡಿಮೆ ಮಾಡಲು ಈ ತೆರಿಗೆಯಲ್ಲಿ ತಯಾರಕರಿಗೆ ಕಾರಣವೇ ಸಿಗುವುದಿಲ್ಲ.